ನೂರು ಸೆಕೆಂಡಿನ ನಳಿಗೆ

ವಿಶ್ವವಿದ್ಯಾಲಯದ ಗಾಜಿನ ಕಾರ್ಯಾಗಾರದಲ್ಲಿ ಮೂವತ್ತು ವರ್ಷ ಉರಿಯ ಮುಂದೆ ಕೂತು ಕೆನ್ನೆ ಉಬ್ಬಿಸಿದ್ದಕ್ಕೆ ಅವನನ್ನು ಎಲ್ಲರೂ ಊದಣ್ಣ ಎಂದೇ ಕರೆಯುತ್ತಿದ್ದರು. ದ್ರವ ಎಷ್ಟು ಮಂದವೆಂದು ಅಳೆಯುವ, ಕೂದಲೆಳೆಯಷ್ಟು ಸಣ್ಣ ರಂಧ್ರದ ನಳಿಗೆ ಮಾಡುವುದರಲ್ಲಿ ಅವನದು ಎತ್ತಿದ ಕೈ. ಆದರೆ ಅದರೊಳಗೆ ದ್ರವ ಇಳಿಯುವುದನ್ನು ಅವನು ಒಮ್ಮೆಯೂ ಕೂತು ನೋಡಿರಲಿಲ್ಲ.

ಒಂದು ಬೆಳಿಗ್ಗೆ, ಸಂಶೋಧನೆಗೆ ಸೇರಿ ವಾರವಷ್ಟೇ ಆಗಿದ್ದ ಹುಡುಗಿ ಅವನು ಮಾಡಿದ್ದ ನಳಿಗೆಯೊಂದನ್ನು ಬಟ್ಟೆಯಲ್ಲಿ ಸುತ್ತಿ ತಂದು, ಇದು ಎಲ್ಲೋ ಕಟ್ಟಿಕೊಂಡಿದೆ ಎಂದು ಅಳುಕುತ್ತಲೇ ಹೇಳಿದಳು. ನೀರು ಇಳಿಯಲು ನೂರು ಸೆಕೆಂಡು, ಸ್ಪಿರಿಟ್ಟಿಗೆ ನೂರೈವತ್ತು. ಎರಡನ್ನೂ ಸಮಸಮ ಬೆರೆಸಿದರೆ ನಡುವೆ ಎಲ್ಲಾದರೂ ಬರಬೇಕಲ್ಲ, ಬರುತ್ತಿರುವುದು ಇನ್ನೂರ ಎಂಬತ್ತು.

ಊದಣ್ಣನ ಮುಖ ಸಪ್ಪಗಾಯಿತು. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದ, ತೊಳೆದ, ಒಣಗಿಸಿದ. ಒಂದು ಎಳೆ ಕಸವೂ ಇರಲಿಲ್ಲ. ಮನಸ್ಸು ತಡೆಯದೆ ಅವಳ ಹಿಂದೆಯೇ ಪ್ರಯೋಗಾಲಯಕ್ಕೆ ನಡೆದ.

ಬೆರೆಸುವ ಕೆಲಸವನ್ನು ಅವಳು ಅವನ ಕೈಗೇ ಕೊಟ್ಟಳು. ನೀರು, ಸ್ಪಿರಿಟ್ಟು ಎರಡೂ ತಣ್ಣಗಿದ್ದವು. ಕೂಡಿದ್ದೇ ತಡ, ಸೀಸೆ ಅಂಗೈಯಲ್ಲಿ ಬೆಚ್ಚಗಾಯಿತು.

"ಉರಿಯೇ ಇಲ್ವಲ್ಲಮ್ಮ," ಎಂದ, ಸೀಸೆಯ ತಳವನ್ನು ತಿರುಗಿಸಿ ನೋಡುತ್ತ.

ಅದು ಆರಿದ ಮೇಲೆ ಅಳೆದರು. ಬರೀ ನೀರು ಕರಾರುವಾಕ್ಕಾಗಿ ನೂರಕ್ಕೆ ಇಳಿಯಿತು. ಬೆರಕೆ ಮಾತ್ರ ಹೊರಡಲು ಮನಸ್ಸಿಲ್ಲದ ನೆಂಟರ ಹಾಗೆ ತಡೆತಡೆದು ಇಳಿಯಿತು. ಮತ್ತೆ ಇನ್ನೂರ ಎಂಬತ್ತು.

ಅಷ್ಟರಲ್ಲಿ ಹುಡುಗಿಯ ಮಾರ್ಗದರ್ಶಕಿ ಮೇಡಂ ಬಂದರು. ನಳಿಗೆ ಸರಿಯಾಗಿಯೇ ಇದೆ, ತಪ್ಪಿದ್ದು ಊಹೆ ಎಂದರು. ನೀರಿನ ಕಣಗಳೂ ಸ್ಪಿರಿಟ್ಟಿನ ಕಣಗಳೂ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಬಿಸಿ ಹುಟ್ಟಿದ್ದೂ ಹರಿವು ನಿಧಾನವಾದದ್ದೂ ಅದಕ್ಕೇ. ಎಷ್ಟೋ ಮಂದಿ ಅಳೆದಿರುವ ಸಂಗತಿ. ಹುಡುಗಿ ತಾನೇ ಕಂಡುಕೊಳ್ಳಲೆಂದು ಅವರು ಬಾಯಿ ಬಿಟ್ಟಿರಲಿಲ್ಲವಂತೆ.

ಊದಣ್ಣ ನಳಿಗೆಯನ್ನು ಮತ್ತೆ ಬೆಳಕಿಗೆ ಹಿಡಿದ. "ಕಣ್ಣಿಗೇ ಕಾಣದ್ದು ಕೈ ಕೈ ಹಿಡ್ಕೊಳ್ಳೋದನ್ನ ನನ್ನ ಗಾಜು ತೋರಿಸುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡಿ."

ಮೇಡಂ ಕಪಾಟಿನಿಂದ ಬೇರೆರಡು ದ್ರವಗಳ ಸೀಸೆ ತೆಗೆದಿಟ್ಟರು. ಹುಡುಗಿಯ ನಿಜವಾದ ಕೆಲಸ ಆ ಜೋಡಿಯದು.

"ಇದಕ್ಕೆಷ್ಟು ಸೆಕೆಂಡು ಮೇಡಂ?" ಊದಣ್ಣ ಕೇಳಿದ.

"ಇವೆರಡನ್ನ ಬೆರೆಸಿ ಇದುವರೆಗೆ ಯಾರೂ ಅಳೆದಿಲ್ಲ. ಗಡಿಯಾರ ನೀವೇ ಹಿಡ್ಕೊಳ್ಳಿ."

ಅವನು ಅಂಗೈ ಬೆವರನ್ನು ಅಂಗಿಗೆ ಒರೆಸಿಕೊಂಡ. ಹುಡುಗಿ ಬೆರೆಸಿ ತುಂಬಿದ ದ್ರವ ನಳಿಗೆಯ ಮೇಲ್ಗೆರೆ ದಾಟಿದಾಗ ಗುಂಡಿ ಒತ್ತಿದ, ಕೆಳಗಿನ ಗೆರೆ ದಾಟಿದಾಗ ಮತ್ತೆ ಒತ್ತಿದ. ನೂರ ಎಪ್ಪತ್ತಮೂರು. ಇನ್ನೆರಡು ಸಲ ಅಳೆದರೂ ಅಷ್ಟೇ. ಹುಡುಗಿ ಬರೆದುಕೊಂಡಳು. ಊದಣ್ಣ ಆ ಸಂಖ್ಯೆಯನ್ನು ಮೆಲ್ಲಗೆ ಮತ್ತೆ ಮತ್ತೆ ಹೇಳಿಕೊಂಡ. ಇಷ್ಟು ದೊಡ್ಡ ಲೋಕದಲ್ಲಿ ಆ ಗಳಿಗೆ ಅದು ಗೊತ್ತಿದ್ದದ್ದು ಅವರು ಮೂವರಿಗೇ.