ಮೆರವಣಿಗೆಯಲ್ಲಿ ಉಸಿರು ಕಟ್ಟಿದ ಕಾರು

ವೆಂಡೆಲ್ ಕ್ರೂಗರನ ಛಾವಣಿಯಿಲ್ಲದ ಹಳೇ ಕಾರಿಗೆ ಒಂದೇ ಒಂದು ಕೆಟ್ಟ ಚಾಳಿ. ಹೆದ್ದಾರಿಯಲ್ಲಿ ಬಿಟ್ಟರೆ ಕುದುರೆ. ನಿಧಾನವಾಗಿ ತೆವಳು ಎಂದರೆ ಮಾತ್ರ ಗೊರಗೊರ ಕೆಮ್ಮಿ ಪ್ರಾಣ ಬಿಡುತ್ತಿತ್ತು. ಮೆರವಣಿಗೆ ಎಂದರೆ ತೆವಳುವುದಲ್ಲದೆ ಇನ್ನೇನು ಸ್ವಾಮಿ? ಅದೂ ವಿಸ್ಕಾನ್ಸಿನ್ನಿನ ನಮ್ಮ ಎಲ್ಮ್ ಪ್ರೇರಿಯ ರೂಬಾರ್ಬ್ ಹಬ್ಬದ ಮೆರವಣಿಗೆ. ಹುಳಿ ದಂಟಿಗೊಂದು ಹಬ್ಬ ಯಾಕೆ ಎಂದು ಕೇಳುವವರು ಅದರ ಹೂರಣ ತುಂಬಿ ಬೇಯಿಸಿದ ಪೈ ತಿಂದಿಲ್ಲ, ಅಷ್ಟೇ. ಈ ಸಲ ಮೆರವಣಿಗೆಯ ಮುಂದಾಳಾಗಿ ಊರವರು ಆರಿಸಿದ್ದು ವೆಂಡೆಲ್‌ನ ಅತ್ತೆ, ಎಂಬತ್ತನಾಲ್ಕರ ಆರ್ಡಿಸಳನ್ನು.

ಮದುವೆಯಾಗಿ ಮೂವತ್ತು ವರ್ಷ ಕಳೆದರೂ ಈ ಅತ್ತೆಯ ಬಾಯಿಂದ ವೆಂಡೆಲ್‌ಗೆ ಒಂದು ಒಳ್ಳೆಯ ಮಾತು ಬಿದ್ದಿರಲಿಲ್ಲ. ಹೊಗಳಿಕೆಯೆಲ್ಲ ಷಡ್ಡಕ ಡೆಲ್ಬರ್ಟ್‌ಗೇ ಮೀಸಲು. ಡೆಲ್ಬರ್ಟ್ ಒಂದು ಮೊಳೆ ಹೊಡೆದರೆ 'ಏನು ಕೈಯಪ್ಪಾ!' ವೆಂಡೆಲ್ ಇಡೀ ಬೇಲಿ ಕಟ್ಟಿಕೊಟ್ಟರೆ 'ಸೊಟ್ಟಗಿದೆ.' ಇವತ್ತು ಆ ಒಂದು ಮಾತನ್ನು ಗಿಟ್ಟಿಸಿಯೇ ತೀರಬೇಕೆಂದು ಅವನು ಹಟ ಹಿಡಿದಿದ್ದ.

"ಕಾರು ನಿಂತ್ರೆ ನಾನು ಡೆಲ್ಬರ್ಟ್ ಗಾಡಿ ಹತ್ತೋಳೇ, ಈಗ್ಲೇ ಹೇಳಿದೀನಿ," ಎಂದಳು ಆರ್ಡಿಸ್, ಹೂವಿನ ಹ್ಯಾಟು ಸರಿಮಾಡಿಕೊಳ್ಳುತ್ತ.

"ನಿಲ್ಲಲ್ಲ ಅತ್ತೆ. ಪ್ಲಗ್ ಹೊಸದು, ಬ್ಯಾಟರಿ ಹೊಸದು, ಪೆಟ್ರೋಲ್ ಪಂಪೂ ಹೊಸದು."

"ಹಾಗಾದ್ರೆ ಹಳೇದು ಅಂತ ಉಳಿದಿರೋದು ನೀನೊಬ್ಬನೇ."

ಹೊರಟರು. ಮುಂದೆ ಕಾರು, ಅದರ ಬೆನ್ನಿಗೆ ಶಾಲೆಯ ಬ್ಯಾಂಡು, ಬ್ಯಾಂಡಿನ ಹಿಂದೆ ಮಿರಮಿರ ಮಿಂಚುವ ಟ್ರಕ್ಕಿನಲ್ಲಿ ಡೆಲ್ಬರ್ಟ್. ಪುಣ್ಯಾತ್ಮ ಎಳೆಯುವ ಹಗ್ಗವನ್ನು ಎಲ್ಲರಿಗೂ ಕಾಣುವ ಹಾಗೆ ಬಾನೆಟ್ಟಿನ ಮೇಲೇ ಇಟ್ಟುಕೊಂಡಿದ್ದ. ಆರ್ಡಿಸ್ ಎರಡೂ ಬದಿಯ ಮಕ್ಕಳಿಗೆ ಮಿಠಾಯಿ ಎಸೆಯುತ್ತ ಕೈ ಬೀಸಿದಳು. ಮುಖ್ಯರಸ್ತೆಗೆ ತಿರುಗಿದ್ದೇ ತಡ, ಕಾರು ಕೆಮ್ಮಿತು, ನಡುಗಿತು, ನಿಂತೇಬಿಟ್ಟಿತು.

ನಿಂತದ್ದಾದರೂ ಎಲ್ಲಿ? ಹುಲ್ಡಾಳ ಮನೆಯೆದುರಿಗೆ! ಆರ್ಡಿಸಳ ಪೈಯ ಪಾಕದ ಗುಟ್ಟನ್ನು ಕದ್ದು ಬಹುಮಾನ ಹೊಡೆದವಳೆಂದು ಆರ್ಡಿಸ್ ಶಪಿಸುತ್ತಿದ್ದ ಅದೇ ಹುಲ್ಡಾ. ಬ್ಯಾಂಡಿನವರು ನಿಂತಲ್ಲೇ ಕಾಲು ಕುಟ್ಟುತ್ತ ಅದೇ ರಾಗವನ್ನು ಮತ್ತೆ ಮೊದಲಿನಿಂದ ಊದಿದರು.

"ಪೆಟ್ರೋಲೇ ಕಲಬೆರಕೆ ಇರ್ಬೇಕು," ಎಂದು ಗೊಣಗುತ್ತ ವೆಂಡೆಲ್ ಬಾನೆಟ್ ಎತ್ತಿದ.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ!" ಎಂದು ಕೂಗಿದ ಡೆಲ್ಬರ್ಟ್. "ಹಗ್ಗ ತರ್ಲೇನೋ?"

"ನೀನು ಅಲ್ಲೇ ಇರು ಮಾರಾಯ!"

ವೆಂಡೆಲ್ ಬದಲಾಯಿಸದೆ ಬಿಟ್ಟಿದ್ದು ಇನ್ನೊಂದೇ ಒಂದು: ಇಂಜಿನ್ನಿನೊಳಗೆ ಎಷ್ಟು ಗಾಳಿ ಹೋಗುತ್ತಿದೆಯೆಂದು ಅಳೆಯುವ ಸೆನ್ಸರ್. ಅದು ಹೇಳಿದಷ್ಟು ಗಾಳಿಗೆ ತಕ್ಕಷ್ಟು ಪೆಟ್ರೋಲು. ಊಟಕ್ಕೆ ಬಂದವರ ಲೆಕ್ಕವನ್ನೇ ತಪ್ಪು ಹೇಳಿದರೆ ಅಡುಗೆಯವನು ಏನು ಮಾಡಿಯಾನು? ವೆಂಡೆಲ್ ಅದರ ವೈರು ಕಿತ್ತು ಕಾರು ಚಾಲೂ ಮಾಡಿದ. ಅಬ್ಬಾ, ಇಂಜಿನ್ ತಣ್ಣಗೆ ಗುನುಗಿತು! ಸುಳ್ಳುಸಾಕ್ಷಿಗಿಂತ ಸಾಕ್ಷಿಯೇ ಇಲ್ಲದಿರುವುದು ವಾಸಿ ಎಂದುಕೊಂಡ. ಇಂಜಿನ್ ಆರಿಸಿ, ಜೇಬಿನ ಚಾಕುವಿನಿಂದ ಎರಡು ಸ್ಕ್ರೂ ಬಿಚ್ಚಿ ಸೆನ್ಸರನ್ನು ಹೊರಗೆಳೆದ. ಕೂದಲಿನಂಥ ಅದರ ತಂತಿಗೆ ಎಣ್ಣೆ ಮೆತ್ತಿಕೊಂಡಿತ್ತು.

ಎಣ್ಣೆ ಎಲ್ಲಿಂದ ಬಂತು? ಇವನೇ ಹಚ್ಚಿದ್ದು! ತೊಳೆದು ಎಣ್ಣೆ ಸವರುವ ಗಾಳಿಯ ಫಿಲ್ಟರಿಗೆ ನಾಲ್ಕು ಹನಿ ಸಾಕಿತ್ತು; ಇವನೋ, ಮುದ್ದಿನ ಕಾರಲ್ಲವೇ ಎಂದು ಶೀಸೆಗಟ್ಟಲೆ ಸುರಿದು ಎಣ್ಣೆಸ್ನಾನವನ್ನೇ ಮಾಡಿಸಿದ್ದ. ಸುತ್ತ ಯಾರಾದರೂ ನೋಡಿದರೇನೋ ಎಂದು ಕಣ್ಣಾಡಿಸಿ, ಫಿಲ್ಟರನ್ನು ಅಂಗಿಯಿಂದಲೇ ಹಿಂಡಿ ಒರೆಸಿದ. ಡಿಕ್ಕಿಯಲ್ಲಿ ಇಡೀ ಅಂಗಡಿಯೇ ಇತ್ತು. ಅದರಿಂದ ಸೆನ್ಸರ್ ತೊಳೆಯುವ ಸ್ಪ್ರೇ ಹುಡುಕಿ ತಂತಿಗೆ ಹೊಡೆದು, ಗಾಳಿಗೆ ಹಿಡಿದು ಕಾದ.

ಅಷ್ಟು ಹೊತ್ತೂ ಬಾನೆಟ್ಟಿನ ಆಚೆಯಿಂದ ಅತ್ತೆಯ ದನಿ ಏರುತ್ತಲೇ ಇತ್ತು. ತನಗೇ ಮಂಗಳಾರತಿ ಎಂದುಕೊಂಡು ಅವನು ತಲೆಯೆತ್ತಲಿಲ್ಲ. ಒಣಗಿದ ಸೆನ್ಸರನ್ನು ಕೂರಿಸಿ, ವೈರು ಸಿಕ್ಕಿಸಿ, ಕೀಲಿ ತಿರುಗಿಸಿದ. ಇಂಜಿನ್ ಹತ್ತಿಕೊಂಡು, ಹಾಲು ಕುಡಿದ ಮಗುವಿನ ಹಾಗೆ ತಣ್ಣಗೆ ಗುನುಗಿತು. ವೆಂಡೆಲ್‌ಗೆ ಸ್ವರ್ಗಕ್ಕೆ ಮೂರೇ ಗೇಣು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಾರು ಹೊರಟಿತು.

"ರಿಪೇರಿ ಆಯ್ತು ಅತ್ತೆ! ಇನ್ನು ಕೊನೇ ತನಕ ನಿಲ್ಲೋದೇ ಇಲ್ಲ!"

"ನಿಲ್ಲಬೇಡ ಅಂತ ನಿನಗೆ ಯಾರಯ್ಯಾ ಹೇಳಿದ್ದು?"

ವೆಂಡೆಲ್ ಕನ್ನಡಿಯಲ್ಲಿ ನೋಡಿದ. ಅತ್ತೆಯ ಕೆನ್ನೆ ಕೆಂಪಗೆ ಹೊಳೆಯುತ್ತಿತ್ತು.

"ಆ ಹುಲ್ಡಾ ಎಲ್ಲಿ ಸಿಕ್ಕಿದ್ರೂ ಬಾಗಿಲು ಹಾಕ್ಕೊಂಡು ಓಡ್ತಿದ್ಲು. ಇವತ್ತು ಊರೆಲ್ಲಾ ನೋಡ್ತಾ ಇತ್ತಲ್ಲ, ಎಲ್ಲಿಗೆ ಓಡ್ತಾಳೆ? ಬೇಕಾದಷ್ಟು ಹೇಳಿದೆ. ಮುಂದೆ ಮರ್ಲ್ ಮನೆ. ನಮ್ಮ ಯಜಮಾನ್ರ ಏಣಿ ತಗೊಂಡು ಹೋದೋನು, ಅವರು ತೀರಿಕೊಂಡ್ರೂ ತಂದು ಕೊಟ್ಟಿಲ್ಲ. ಅಲ್ಲಿ ಕಾರು ಕೆಡಬೇಕು."

"ಈಗ ಕೆಡಲ್ಲ ಅತ್ತೆ, ಸರಿಹೋಗಿದೆ!"

"ಕೀಲಿ ಆಫ್ ಮಾಡೋಕೆ ಬರಲ್ವಾ?"

ಇಷ್ಟು ಚೆಂದದ ರಿಪೇರಿ, ಊರಿಗೆ ತೋರಿಸುವ ಹಾಗಿಲ್ಲ! ಆದರೂ ವೆಂಡೆಲ್ ಮರ್ಲ್‌ನ ಮನೆಯೆದುರು ಕೀಲಿ ತಿರುಗಿಸಿದ. ತಾನೇ ಬಾಯಲ್ಲಿ ಒಂದೆರಡು ಸಲ ಕೆಮ್ಮಿ, ಬಾನೆಟ್ ಎತ್ತಿ ತಲೆ ಚಚ್ಚಿಕೊಂಡ. ಆರ್ಡಿಸ್ ಎಸೆದ ಮಿಠಾಯಿಗಳು ಮರ್ಲ್‌ನ ಬೋಳುತಲೆಯ ಮೇಲೆ ಟಪಟಪ ಬಿದ್ದವು.

ಡೆಲ್ಬರ್ಟ್ ಹಗ್ಗ ಹಿಡಿದು ಓಡೋಡಿ ಬಂದ. "ನಾನು ಹೇಳ್ಲಿಲ್ವಾ? ಇವನ ಕೈಗೆ ಬಿದ್ದ ಗಾಡಿ ಉದ್ಧಾರ ಆಗಲ್ಲ ಅಂತ! ಬನ್ನಿ ಅತ್ತೆ, ನನ್ನ ಟ್ರಕ್ಕು ಒಂದು ದಿನಾನೂ ನಿಂತಿಲ್ಲ."

ಜನ ಗೊಳ್ಳೆಂದರು. ತಪ್ಪು ಸೆನ್ಸರಿನದು, ಈಗ ಎಲ್ಲ ಸರಿಯಿದೆ ಎನ್ನುವ ಮಾತು ವೆಂಡೆಲ್‌ನ ನಾಲಗೆಯ ತುದಿಗೆ ಬಂತು. ಕಷ್ಟಪಟ್ಟು ನುಂಗಿದ. "ಹೂಂ ಕಣೋ," ಎಂದ, "ಏನು ಮಾಡಿದ್ರೂ ಸರಿಹೋಗ್ತಿಲ್ಲ."

"ನಿನ್ನ ಟ್ರಕ್ಕು ನಿಲ್ಲೋದೇ ಇಲ್ವಲ್ಲ, ಅದನ್ನ ಕಟ್ಟಿಕೊಂಡು ನಾನೇನು ಮಾಡ್ಲಿ?" ಎಂದು ಆರ್ಡಿಸ್ ಡೆಲ್ಬರ್ಟ್‌ನನ್ನು ಅಟ್ಟಿದಳು. ಆಮೇಲೆ ವೆಂಡೆಲ್‌ನನ್ನು ಹತ್ತಿರ ಕರೆದು ದನಿ ತಗ್ಗಿಸಿದಳು. "ರಿಪೇರಿ ಚೆನ್ನಾಗಿ ಮಾಡಿದೀಯ ಕಣಯ್ಯ. ಅದಕ್ಕಿಂತ ಚೆನ್ನಾಗಿ ಬಾಯಿ ಮುಚ್ಚಿಕೊಂಡೆ. ಒಳ್ಳೇ ಅಳಿಯ ನೀನು."

ವೆಂಡೆಲ್ ಹಿಗ್ಗಿಹೋದ. ಏನೂ ತೋಚದೆ ಹೋಗಿ ಕೀಲಿ ತಿರುಗಿಸಿದ. ಇಂಜಿನ್ ಒಂದೇ ಏಟಿಗೆ ಹತ್ತಿಕೊಂಡಿತು.

"ಅಯ್ಯೋ ಪೆದ್ದೇ, ಇಷ್ಟು ಬೇಗ ಬೇಡ! ಏಣಿ ಮಾತು ಇನ್ನೂ ಎತ್ತೇ ಇಲ್ಲ!"

ವೆಂಡೆಲ್ ಇಂಜಿನ್ ಆರಿಸಿ ಮತ್ತೆ ಬಾನೆಟ್ಟಿನೊಳಗೆ ತಲೆ ಹಾಕಿದ. ತಾನು ನಗುತ್ತಿರುವುದನ್ನು ಊರು ನೋಡಬಾರದಲ್ಲ.