ಮಡಿಕೆ ಬಿಚ್ಚದ ಕಂಬಳಿ

ಚಿನ್ನದ ಗಣಿಯೊಳಗೆ ಬಂಡೆ ಸಿಡಿದು ಆಂಜಿನಪ್ಪ ಸಿಕ್ಕಿಕೊಂಡಿದ್ದ. ಎರಡನೆಯ ವಾರ ಅಗೆಯುವುದನ್ನು ನಿಲ್ಲಿಸಿದರು. ಆ ಸುರಂಗದ ಬಾಯಿಗೆ ಗೋಡೆ ಕಟ್ಟಿದರು. ಹೆಣ ಸಿಗಲಿಲ್ಲ.

ಬಂಗಾರಪೇಟೆ ಆಚೆಯ ಹಳ್ಳಿಯಲ್ಲಿ ಅವನ ತಾಯಿ ಮುನಿಗಂಗಮ್ಮ ಕಂಬಳಿ ಹಾಸಲು ಒಪ್ಪಲಿಲ್ಲ. ಸಾವಾದ ಮನೆಯವರು ನಡುಮನೆಯಲ್ಲಿ ಕಂಬಳಿ ಹಾಸಬೇಕು, ಕುಲದ ಹಿರಿಯರು ಅದರ ಮೇಲೆ ಕೂತು ತಿಥಿಯ ಮಾತು ಎತ್ತಬೇಕು. ಹಾಸದಿದ್ದರೆ ಮಾತಿಲ್ಲ. ಮೈದುನ ಅಶ್ವತ್ಥಪ್ಪ ಹಿರಿಯ ದೊಡ್ಡವೆಂಕಟಪ್ಪನನ್ನು ಕರೆತಂದು ಬೆಳಗಿನಿಂದ ಜಗಲಿಯಲ್ಲೇ ಕೂತಿದ್ದ.

"ಇವ್ನಪ್ಪ ಬಾವಿ ಕುಸಿದು ಎರಡು ದಿನ ಮಣ್ಣಿನಾಗೇ ಇದ್ದ," ಎಂದಳು ಮುನಿಗಂಗಮ್ಮ. "ಒಳಗೆ ತಣ್ಣಗಿತ್ತು, ಉಳ್ಕೊಂಡ. ಇವ್ನು ಅದ್ಕಿಂತ ಆಳದಾಗವ್ನೆ."

ಆಳ ಹೆಚ್ಚಿದಷ್ಟೂ ಚಳಿ ಎಂದು ಅವಳು ತಿಳಿದಿದ್ದಳು. ಮಗ ಗಣಿಗೆ ಸೇರಿದಾಗ ಕಂಬಳಿ ಕೊಟ್ಟು ಕಳಿಸಿದ್ದಳು. ಅವನು ಉಳಿದುಕೊಂಡಿದ್ದ ಊರಿಗಾಂ ಲೈನಿನ ಸಾಲುಮನೆಯ ಗಣಿ ಕೆಲಸಗಾರ ಪೆರುಮಾಳ್ ಈಗ ಅದನ್ನೂ ಅವನ ಬಟ್ಟೆಗಳನ್ನೂ ಗಂಟು ಕಟ್ಟಿ ತಂದು ಜಗಲಿಯ ತುದಿಯಲ್ಲಿ ಕೂತಿದ್ದ. ಗಂಟು ಬಾಗಿಲ ಬಳಿ ಇತ್ತು. ಯಾರೂ ಬಿಚ್ಚಿರಲಿಲ್ಲ.

ಮಧ್ಯಾಹ್ನ ಅವಳ ಅಣ್ಣನ ಮಗ ಆದಿನಾರಾಯಣ ಬಂದ. ಬಂಗಾರಪೇಟೆಯಲ್ಲಿ ಮೇಷ್ಟ್ರು. ಅವನನ್ನು ಕಂಡರೆ ಹಳ್ಳಿಯವರಿಗೆ ಏನಾದರೂ ಕೇಳಬೇಕು.

"ಮೇಷ್ಟ್ರೇ, ರಷ್ಯಾದೋರು ನಾಯೀನ ಆಕಾಶಕ್ಕೆ ಕಳಿಸಿದ್ರಂತಲ್ಲ," ಎಂದ ದೊಡ್ಡವೆಂಕಟಪ್ಪ. "ಅದು ಬೊಗಳಿದ್ರೆ ಕೆಳಕ್ಕೆ ಕೇಳ್ತದಾ?"

"ಇಲ್ಲ. ಅಷ್ಟು ಎತ್ತರದಲ್ಲಿ ಶಬ್ದ ಬರೋಕೆ ಗಾಳಿ ಸಾಲದು."

"ನಿನ್ ಎಂಡ್ರು ಬೈದ್ರೆ ಟೇಷನ್‌ಗಂಟ ಕೇಳ್ತದಲ್ಲಣ್ಣೋ," ಎಂದು ಅಶ್ವತ್ಥಪ್ಪ ಹಿರಿಯನನ್ನು ಛೇಡಿಸಿದ. "ಆಯಮ್ಮನ್ನೇ ಕಳಿಸ್ಬೇಕಾಗಿತ್ತು."

ದೊಡ್ಡವೆಂಕಟಪ್ಪ ನಕ್ಕ. ಮುನಿಗಂಗಮ್ಮ ಹೊಸ್ತಿಲಿಗೆ ಬಂದು ನಿಂತಳು. ನಗು ನಿಂತಿತು.

"ಆದಿ, ಮೇಲಿಂದು ಇರ್ಲಿ. ಕೆಳಕ್ಕೆ ಇಳ್ದಂಗೆಲ್ಲ ತಣ್ಣಗಾಯ್ತದೆ, ಅಲ್ವೇನಪ್ಪಾ?"

ಅವನು ಜಗಲಿಯ ಗೋಡೆ ನೋಡಿದ. ಅಶ್ವತ್ಥಪ್ಪ ಅವನನ್ನೇ ನೋಡುತ್ತಿದ್ದ.

"ಇಲ್ಲ ಅತ್ತೆ. ಬಿಸಿಯಾಗ್ತದೆ."

"ಬಾವಿ?"

"ಬಾವಿ ಏನೂ ಆಳ ಅಲ್ಲ. ಇನ್ನೂ ಕೆಳಗೆ ಭೂಮಿಯೊಳಗಿನ ಕಾವು ಬಂಡೆಗೆ ಬರ್ತದೆ. ಗಣಿಯಲ್ಲಿ ಮೇಲಿಂದ ತಂಪು ಗಾಳಿ ಬಿಡ್ತಾರೆ, ಅದಕ್ಕೇ ಜನ ಇರ್ತಾರೆ. ಗೋಡೆ ಕಟ್ಟಿದ ಕಡೆ ಗಾಳಿ ಹೋಗಲ್ಲ."

ಅವಳು ಪೆರುಮಾಳ್ ಕಡೆ ತಿರುಗಿದಳು. "ನೀನ್ ಯೋಳು. ನೀನು ಅಲ್ಲಿರೋನು."

"ಸೆಖೆ ಅಕ್ಕಾ. ರೊಂಬ ಸೆಖೆ. ಲಂಗೋಟಿ ಮೇಲೇ ಕೆಲ್ಸ."

"ಮತ್ತೆ ಕಂಬಳಿ?"

"ನಮ್ಮನೇಲೇ ಇತ್ತು. ಒಂದಿನಾನೂ ತಕ್ಕೊಂಡೋಗಿಲ್ಲ. ಅಮ್ಮಂಗೆ ಯೋಳ್ಬೇಡ, ಬೇಜಾರ್ ಮಾಡ್ಕೊಂತಾಳೆ ಅಂದ."

"ಭಾನುವಾರ ಬಂದಾಗೆಲ್ಲ ಕೇಳ್ತಿದ್ದೆ, ಕೆಳಗೆ ಬೆಚ್ಚಗಿತ್ತೇನ್ಲಾ ಅಂತ."

"ಏನಂತಿದ್ದ?" ಎಂದ ಪೆರುಮಾಳ್.

"ಬೆಚ್ಚಗಿತ್ತು ಅಂತಿದ್ದ."

ಕೊಟ್ಟಿಗೆಯಲ್ಲಿ ಎಮ್ಮೆ ಕೊಡವಿಕೊಂಡಿತು. ಮುನಿಗಂಗಮ್ಮ ಗಂಟು ಬಿಚ್ಚಿದಳು. ಅಂಗಿ, ಪಂಚೆಗಳನ್ನು ಪಕ್ಕಕ್ಕಿಟ್ಟು ಕಂಬಳಿ ತೆಗೆದಳು. ಹುಳ ಹಿಡಿಯದಿರಲಿ ಎಂದು ಅವಳು ಇಟ್ಟಿದ್ದ ಬೇವಿನ ಸೊಪ್ಪು ಮಡಿಕೆಯಲ್ಲಿ ಹಾಗೇ ಇತ್ತು, ಒಣಗಿ. ಅಂಗಳಕ್ಕೆ ಹೋಗಿ ಕೊಡವಿದಳು. ಪುಡಿ ಉದುರಿತು.

ಒಳಗೆ ಹೋಗಿ ನಡುಮನೆಯಲ್ಲಿ ಹಾಸಿದಳು. ಒಂದು ಮೂಲೆ ಮಡಚಿಕೊಂಡಿತ್ತು, ಕಾಲಿನಿಂದ ಸರಿಮಾಡಿದಳು.

"ಬನ್ನಿ, ಕೂತ್ಕಳ್ಳಿ."

ದೊಡ್ಡವೆಂಕಟಪ್ಪ ಮೆಟ್ಟು ಬಿಟ್ಟು ಒಳಗೆ ಬಂದ. ಅಶ್ವತ್ಥಪ್ಪ ಅವನ ಪಕ್ಕ ಕೂತು, ತಿಥಿ ಸೋಮವಾರ ಆಗಬಹುದೇ ಎಂದು ಕೇಳಿದ. ಪೆರುಮಾಳ್ ಬೇರೆ ಕುಲದವನು, ಜಗಲಿಯಲ್ಲೇ ಉಳಿದ. ಅವನಿಗೆ ಗಣಿಯಲ್ಲಿ ಸಂಜೆಯ ಪಾಳಿ ಇತ್ತು. ರೈಲಿಗೆ ಹೊತ್ತಾಯಿತು ಎಂದು ಆದಿನಾರಾಯಣನಿಗೆ ಹೇಳಿ ಎದ್ದ.