ಹೆಮ್ಮೊನ ಕೆಮ್ಮು

ನಮ್ಮ ತರಬೇತುದಾರ ಹೆಮ್ಮೊ ಮಾತಿಗೆ ಮೊದಲು ಕೆಮ್ಮುತ್ತಾನೆ. ಒಂದು ಸಣ್ಣ ಕೆಮ್ಮು, ಬಾಯೊಳಗಿನ ಉಪ್ಪು ಜೇಷ್ಠಮಧುವಿನ ಮಿಠಾಯಿಯನ್ನು ಬಲಗೆನ್ನೆಯಿಂದ ಎಡಗೆನ್ನೆಗೆ ದಾಟಿಸುವ ಒಂದು 'ಟಕ್', ಆಮೇಲೆ ಮೂಗಿನಿಂದ ಹೊರಡುವ ಮಾತು. ಇವು ಮೂರನ್ನೂ ಅವನ ಹಾಗೇ ಸರಿಯಾದ ಕ್ರಮದಲ್ಲಿ ಮಾಡಲು ನನಗೆ ಎರಡು ಚಳಿಗಾಲ ಹಿಡಿಯಿತು. ಕಾಲೇಜಿನಲ್ಲಿ ನಾಲ್ಕು ವರ್ಷ ಕೂತು ನಾನು ಕಲಿತದ್ದು ಇದೊಂದೇ ಎಂದು ಅಮ್ಮ ನೆಂಟರಿಗೆಲ್ಲ ಹೇಳುತ್ತಾಳೆ.

ಕ್ಲಬ್ಬಿನ ಹುಡುಗಿಯರ ಸ್ಕೀಗಳಿಗೆ ಮೇಣ ಹಚ್ಚುವ ಇಬ್ಬರಲ್ಲಿ ನಾನು ಕಿರಿಯ. ಹಿರಿಯ ಓಯ್ವನಿಗೆ ಅರವತ್ತೆಂಟು. ನಲವತ್ತು ವರ್ಷ ಈ ಕೆಲಸ ಮಾಡಿದ ಮೇಲೆ ಅವನಿಗೆ ನಂಟಿಗಿಂತ ಅಂಟೇ ಹೆಚ್ಚಾಗಿತ್ತು. ಮಗಳ ಮದುವೆಯ ಫೋಟೋದಲ್ಲೂ ಅವನ ಉಗುರಿನ ಸಂದಿಯಲ್ಲಿ ನೀಲಿ ಮೇಣವಿದೆ.

ಆ ಶನಿವಾರ ಪೊಲ್ಲುವಾರ ಬೆಟ್ಟದಲ್ಲಿ ಆಯ್ಕೆಯ ಕೊನೆಯ ಓಟ. ಜೂನಿಯರ್ ವಿಶ್ವ ಪಂದ್ಯಕ್ಕೆ ನಮ್ಮ ದೇಶದಿಂದ ನಾಲ್ವರು ಹುಡುಗಿಯರು. ಮೂವರ ಹೆಸರು ಆಗಲೇ ಗಟ್ಟಿಯಾಗಿತ್ತು. ನಾಲ್ಕನೆಯ ಜಾಗಕ್ಕೆ ಇಬ್ಬರು: ದಕ್ಷಿಣದ ವೆನ್ಲಾ, ಮತ್ತು ನನ್ನ ಚಿಕ್ಕಪ್ಪನ ಮಗಳು ಸೈಮಿ. ಇಬ್ಬರಲ್ಲಿ ಯಾರು ಮುಂದೆ ಮುಗಿಸುತ್ತಾರೋ ಅವರಿಗೆ. ಸೈಮಿಗೆ ಹತ್ತೊಂಬತ್ತು, ಮುಂದಿನ ಸಲಕ್ಕೆ ವಯಸ್ಸು ಮೀರುತ್ತದೆ. ಹತ್ತು ಕಿಲೋಮೀಟರ್, ಅದರಲ್ಲಿ ಇಳಿಯುವುದಕ್ಕಿಂತ ಹತ್ತುವುದೇ ಹೆಚ್ಚು, ಮತ್ತು ಹತ್ತುವುದೆಂದರೆ ಸೈಮಿ. ಬೆಟ್ಟ ಕಂಡರೆ ಆ ಹುಡುಗಿ ಉಸಿರಾಡುವುದನ್ನೇ ಮರೆಯುತ್ತಾಳೆ ಎಂದು ನಮ್ಮೂರಲ್ಲಿ ಮಾತು.

ಹತ್ತುವಾಗ ಸ್ಕೀಯ ನಡುಭಾಗ ಹಿಮವನ್ನು ಹಿಡಿಯಬೇಕು, ಇಳಿಯುವಾಗ ಬಿಡಬೇಕು. ಅದಕ್ಕೇ ಮೇಣ, ಚಳಿಗೆ ತಕ್ಕ ಹಾಗೆ. ಆದರೆ ಹೊಸ ಹಿಮ ಬೀಳುತ್ತಿದ್ದು ತಾಪಮಾನ ಸರಿಯಾಗಿ ಸೊನ್ನೆಗೆ ಬಂದು ನಿಂತರೆ ಯಾವ ಮೇಣವೂ ನಡೆಯದು. ಆಗ ಮೇಣವಿಲ್ಲದ ಬೇರೆ ಜೋಡಿಯನ್ನು ಮರಳುಕಾಗದದಲ್ಲಿ ಉಜ್ಜಿ ತರಿತರಿ ಮಾಡಿ ಕೊಡುತ್ತೇವೆ. ಅದು ಸೊನ್ನೆ ಸ್ಕೀ. ಯಾವ ಜೋಡಿ ಎಂದು ಹೇಳುವ ಹಕ್ಕು ಹೆಮ್ಮೊನೊಬ್ಬನದು. ಅವನ ದನಿ ಕೇಳದೆ ಓಯ್ವ ಮರಳುಕಾಗದ ಮುಟ್ಟುವುದಿಲ್ಲ.

ಬೆಳಿಗ್ಗೆ ಹೆಮ್ಮೊ ತಂಡಗಳ ಸಭೆಗೆ ಹೋಗಿದ್ದ, ರೇಡಿಯೋ ಆರಿಸಿಟ್ಟು. ನಾನು ಥರ್ಮಾಮೀಟರ್ ಹಿಡಿದು ಬೆಟ್ಟದ ತುದಿಯಲ್ಲಿದ್ದೆ. ಓಯ್ವ ಕೆಳಗೆ ಮೇಣದ ಕೋಣೆಯಲ್ಲಿ. ಮೈನಸ್ ನಾಲ್ಕು, ನೀಲಿ ಮೇಣಕ್ಕೆ ಹೇಳಿ ಮಾಡಿಸಿದ ದಿನ. ನನಗೆ ಬೇಜಾರು. ರೇಡಿಯೋ ಒತ್ತಿ ಕೆಮ್ಮಿದೆ, 'ಟಕ್' ಎಂದೆ.

"ಓಯ್ವ, ಎಲ್ಲಾ ಮೇಣ ಕೆರೆದ್ಹಾಕು. ಸೊನ್ನೆ ಸ್ಕೀ ತೆಗಿ. ಬೇಗ."

ಪಾಪ, ಮುದುಕ ನಂಬಿಬಿಟ್ಟ. ಕೈಯಲ್ಲಿದ್ದ ಕಾಫಿ ಚೆಲ್ಲಿಕೊಂಡು ಎದ್ದು, ಒಂದು ಸ್ಕೀ ಪೂರ್ತಿ ಕೆರೆದ. ಅಲ್ಲೇ ಕೂತಿದ್ದ ಸೈಮಿ ನಕ್ಕ ಮೇಲೇ ಅವನಿಗೆ ಗೊತ್ತಾದದ್ದು.

"ಲೋ ಕೋತಿ! ನೀನು ಕೆಳಗಿಳಿದು ಬಾ, ನಿನ್ನ ನಾಲಿಗೆಗೇ ಮೇಣ ಮೆತ್ತಿ ಇಸ್ತ್ರಿ ಹಾಕ್ತೀನಿ!"

ಇಪ್ಪತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಮಾಡಿದೆ. ಈ ಸಲ ಅವನು ಹುಷಾರಾಗಿದ್ದ. "ಅಪ್ಪಣೆ ಯಜಮಾನ್ರೇ, ಈಗಿಂದೀಗ್ಲೇ ಮಾಡ್ತೀನಿ," ಎಂದು ರಾಗ ಎಳೆದ. ಅವನ ಹಿಂದೆ ಸೈಮಿ ಮತ್ತೆ ನಕ್ಕಳು. ಓಟಕ್ಕೆ ಮುಂಚೆ ಅವಳಿಗೆ ವಾಂತಿ ಬಂದ ಹಾಗಾಗುತ್ತದೆ. ನಗಿಸಿದರೆ ಒಳ್ಳೆಯದು ಎಂದು ನನಗೆ ನಾನೇ ಹೇಳಿಕೊಂಡೆ.

ಒಂಬತ್ತೂಮುಕ್ಕಾಲಿಗೆ ಹಿಮ ಶುರುವಾಯಿತು. ದಪ್ಪ, ಒದ್ದೆ ಹಿಮ. ಕೆಳಗಿನ ಕಣಿವೆಯಲ್ಲಿ ಚಳಿ ಕದಲದೆ ಕೂತಿತ್ತು, ಆದರೆ ಮೇಲೆ ಥರ್ಮಾಮೀಟರ್ ಏರುತ್ತಲೇ ಹೋಯಿತು. ಸಭೆ ಮುಗಿಸಿದ ಹೆಮ್ಮೊ ಸ್ಕೀ ಮೇಲೆ ಹತ್ತಿಕೊಂಡು ಬಂದು ನನ್ನ ಪಕ್ಕ ನಿಂತ. ಮುಳ್ಳು ಸೊನ್ನೆಯ ಮೇಲಿತ್ತು. ಅವನು ಹಿಮವನ್ನು ಹಿಡಿಯಲ್ಲಿ ಹಿಂಡಿ ನೋಡಿದ, ರೇಡಿಯೋ ತೆಗೆದ, ಕೆಮ್ಮಿದ. ಟಕ್.

"ಓಯ್ವ, ಸೊನ್ನೆ ಸ್ಕೀ ತೆಗಿ. ಸೈಮಿ ಹೊರಡೋಕೆ ಇಪ್ಪತ್ತೈದು ನಿಮಿಷ ಇದೆ. ಬೇಗ."

"ಅಪ್ಪಣೆ ಯಜಮಾನ್ರೇ, ಈಗಿಂದೀಗ್ಲೇ ಮಾಡ್ತೀನಿ."

ಹೆಮ್ಮೊ ತಲೆಯಾಡಿಸಿ ರೇಡಿಯೋ ಜೇಬಿಗಿಟ್ಟ. "ಮುದುಕನಿಗೆ ಇವತ್ತೇನು ಮರ್ಯಾದೆ ಉಕ್ಕಿ ಹರೀತಾ ಇದೆ!" ಎಂದ.

ನಾನು ನಗಲಿಲ್ಲ. ಆ ರಾಗ ನನಗಾಗಿ ಎಳೆದದ್ದು. ಅದು ಹೆಮ್ಮೊನಿಗೆ ಸಿಗುವ ಉತ್ತರವಲ್ಲ, ನನ್ನ ಅಣಕದ ಹೆಮ್ಮೊನಿಗೆ ಸಿಗುವ ಉತ್ತರ. ರೇಡಿಯೋ ಒತ್ತಿ, "ಓಯ್ವ, ಇದು ತಮಾಷೆ ಅಲ್ಲ" ಎಂದರೆ ಸಾಕಿತ್ತು. ಆದರೆ ಮೊದಲಿನದು ತಮಾಷೆ ಎಂದು ಪಕ್ಕದಲ್ಲಿ ನಿಂತವನಿಗೆ ಗೊತ್ತಾಗುತ್ತಿತ್ತು. ಹೋದ ವರ್ಷ ಹೆಮ್ಮೊ ಒಬ್ಬನನ್ನು ಇದಕ್ಕಿಂತ ಸಣ್ಣ ತಪ್ಪಿಗೆ ಕ್ಲಬ್ಬಿನಿಂದ ಹೊರಗೆ ಹಾಕಿದ್ದ. ಹೆಮ್ಮೊ ಏಳನೆಯ ಕಿಲೋಮೀಟರಿನ ಕಡೆಗೆ ಹೊರಟುಹೋದ ಮೇಲೂ ಅವನ ಜೇಬಿನಲ್ಲಿ ರೇಡಿಯೋ ಆನ್ ಆಗಿಯೇ ಇತ್ತು, ನಾನು ಏನಂದರೂ ಅವನಿಗೆ ಕೇಳಿಸುತ್ತಿತ್ತು. ನನ್ನ ಫೋನು ಚಳಿಗೆ ಆರಿ ಅರ್ಧ ಗಂಟೆಯಾಗಿತ್ತು. ಓಯ್ವ ನಲವತ್ತು ವರ್ಷದ ಅನುಭವಸ್ಥ, ಅವನಿಗೆ ತಿಳಿಯದೇ ಇರುತ್ತದೆಯೇ ಎಂದುಕೊಂಡೆ. ಅಂದುಕೊಳ್ಳುತ್ತಾ ಇಪ್ಪತ್ತೈದು ನಿಮಿಷ ನಿಂತೇ ಇದ್ದೆ.

ವೆನ್ಲಾ ಮೊದಲು ಬಂದಳು. ಸೊನ್ನೆ ಸ್ಕೀ. ಹೆಜ್ಜೆಯ ಸದ್ದೇ ಇರಲಿಲ್ಲ, ಏರಿನಲ್ಲಿ ಓಡಿಹೋದಳು.

ಆಮೇಲೆ ತಿರುವಿನಲ್ಲಿ ಸೈಮಿ. ಕಂಡಕೂಡಲೇ ತಿಳಿಯಿತು. ಸ್ಕೀಯ ಕೆಳಗೆ ಹಿಮ ಮುದ್ದೆಮುದ್ದೆಯಾಗಿ ಅಂಟಿ ಅವಳು ಮರಗಾಲಿನವಳ ಹಾಗೆ ಎತ್ತರವಾಗಿದ್ದಳು. ಒಂದು ಹೆಜ್ಜೆ ಇಟ್ಟು, ನಿಂತು, ಒಂದು ಸ್ಕೀಯನ್ನು ಇನ್ನೊಂದಕ್ಕೆ ಕೆರೆದು, ಮತ್ತೊಂದು ಹೆಜ್ಜೆ. ಉಸಿರಾಡುವುದನ್ನು ಮರೆಯುವ ಬೆಟ್ಟದಲ್ಲಿ ಅವಳ ಉಸಿರು ಐವತ್ತು ಮೀಟರಿನಿಂದ ಕೇಳಿಸುತ್ತಿತ್ತು.

"ಏನ್ ಹಾಕಿದ್ರೋ? ತನೇಲಿ, ಏನ್ ಹಾಕಿದ್ರಿ ಇದಕ್ಕೆ?"

ವೆನ್ಲಾಗಿಂತ ಎಷ್ಟು ಹಿಂದೆ ಎಂದು ನಾನು ಕೂಗಿ ಹೇಳಬೇಕಿತ್ತು. ಇಪ್ಪತ್ತಾರು ಸೆಕೆಂಡ್ ಎಂದು ಗಡಿಯಾರ ತೋರಿಸುತ್ತಿತ್ತು. ಬಾಯಿ ತೆರೆದರೆ ಯಾರ ದನಿಯೂ ಬರಲಿಲ್ಲ. ಅವಳು ನನ್ನ ದಾಟಿ ಕೆರೆಯುತ್ತಾ, ಹೆಜ್ಜೆ ಇಡುತ್ತಾ ಮೇಲಕ್ಕೆ ಹೋದಳು.

ಓಟ ಮುಗಿಯುವಾಗ ಅಂತರ ಒಂದು ನಿಮಿಷ ಎಂಟು ಸೆಕೆಂಡ್ ಆಗಿತ್ತು.

ನಾನು ಇಳಿದು ಬರುವಷ್ಟರಲ್ಲಿ ನಾಲ್ಕು ಹೆಸರು ಓದಿ ಮುಗಿದಿತ್ತು. ಮೇಣದ ಕೋಣೆಯಲ್ಲಿ ಸೈಮಿ ಬೆಂಚಿನ ಮೇಲೆ ಕೂತು ರೈ ಹಿಟ್ಟಿನ ಕಡುಬಿನಿಂದ ಒಳಗಿನ ಅನ್ನವನ್ನು ಒಂದೊಂದೇ ಅಗುಳಾಗಿ ಕೀಳುತ್ತಿದ್ದಳು. ಗೋಡೆಗೆ ಒರಗಿಸಿದ ಅವಳ ಸೊನ್ನೆ ಸ್ಕೀಗಳು ಹಿಮ ತಾಗದೆ ಒಣಗಿಯೇ ಇದ್ದವು. ಹೆಮ್ಮೊ ಓಯ್ವನ ಎದುರು ನಿಂತಿದ್ದ.

"ನಾನು ಹೇಳ್ಲಿಲ್ವಾ? ನೀನು ಮಾಡ್ತೀನಿ ಅನ್ಲಿಲ್ವಾ?"

ಓಯ್ವ ನನ್ನನ್ನು ನೋಡಿದ. ಆಗ ಅವನಿಗೆ ಎಲ್ಲ ಗೊತ್ತಾಯಿತು. ಆಮೇಲೆ ಕೈಯಲ್ಲಿದ್ದ ಬಟ್ಟೆಯನ್ನು ನೋಡುತ್ತಾ, "ಇಲ್ಲಿ ಕೆಳಗೆ ಚಳಿ ಇತ್ತು. ನೀಲಿನೇ ಸಾಕು ಅನ್ನಿಸ್ತು. ವಯಸ್ಸಾಯ್ತು ನಂಗೆ," ಎಂದ.

"ಹಾಗಾದ್ರೆ ಮನೇಲಿರು," ಎಂದ ಹೆಮ್ಮೊ.

ಓಯ್ವ ಬಟ್ಟೆಯನ್ನು ನಾಲ್ಕಾಗಿ ಮಡಿಸಿ ಪೆಟ್ಟಿಗೆಯೊಳಗಿಟ್ಟ. ನಾನು ಥರ್ಮಾಮೀಟರ್ ಒರೆಸಿ ಅದರ ಪಕ್ಕದಲ್ಲಿಟ್ಟೆ.

ಮಧ್ಯಾಹ್ನ ಮೂರಕ್ಕೆ ಕತ್ತಲಾಗುತ್ತಿದ್ದಂತೆ ಎರಡು ವ್ಯಾನುಗಳಲ್ಲಿ ಹೊರಟೆವು. ಮುಂದಿನದು ಹೆಮ್ಮೊನದು, ಅದರ ಹಿಂದಿನ ಸೀಟಿನಲ್ಲಿ ನಾನು ಮತ್ತು ಸೈಮಿ. ಓಯ್ವ ಸ್ಕೀಗಳ ಜೊತೆ ಹಿಂದಿನ ವ್ಯಾನಿನಲ್ಲಿ, ಒಬ್ಬನೇ.

"ನಾನೂ ಅಲ್ಲೇ ಇದ್ದೆ," ಎಂದಳು ಸೈಮಿ ಕಿಟಕಿಯ ಕಡೆ ತಿರುಗಿಕೊಂಡೇ, ಹೆಮ್ಮೊನಿಗೆ ಕೇಳಿಸದ ಹಾಗೆ. "ಮೂರನೇ ಸಲ ಕೆಮ್ಮಿದಾಗ. ಮರಳುಕಾಗದ ತಗೊಳಕ್ಕೆ ಓಯ್ವ ಅರ್ಧ ಎದ್ದಿದ್ದ. ಕೂತ್ಕೋ, ಮತ್ತೆ ಅವನೇ, ಈ ಸಲ ಇನ್ನೂ ಚೆನ್ನಾಗ್ ಮಾಡಿದಾನೆ ಅಂತ ನಾನೇ ಹೇಳ್ದೆ."

ಅವಳು ಕಿಟಕಿಯ ಮಂಜನ್ನು ತೋಳಿನಿಂದ ಒರೆಸಿದಳು.

"ಅಷ್ಟು ಚೆನ್ನಾಗ್ ಮಾಡ್ಬಾರ್ದಿತ್ತು ಕಣೋ ನೀನು."

ಮುಂದೆ ಪೆಟ್ರೋಲ್ ಬಂಕಿನ ದೀಪ ಕಾಣಿಸಿತು. ಹೆಮ್ಮೊ ರೇಡಿಯೋ ಎತ್ತಿಕೊಂಡು ಕೆಮ್ಮಿದ. ಟಕ್. "ಓಯ್ವ, ಕಾಫಿಗೆ ನಿಲ್ಲಿಸ್ತೀನಿ. ಹಿಂದೇನೇ ಬಾ."

ರೇಡಿಯೋ ಗರಗರ ಎಂದಿತು. ಆಮೇಲೆ ಓಯ್ವನ ದನಿ, ಅಂಜುತ್ತಾ, ರಾಗವಿಲ್ಲದೆ:

"ನಿಜವಾಗ್ಲೂ ನೀವೇನಾ, ಹೆಮ್ಮೊ?"

"ನಾನಲ್ದೆ ಇನ್ಯಾರು?" ಎಂದ ಹೆಮ್ಮೊ. ಕನ್ನಡಿಯಲ್ಲಿ ಅವನ ಕಣ್ಣು ನನ್ನ ಮೇಲೆ ಬಂತು, ಸೈಮಿಯ ಮೇಲೆ ಹೋಯಿತು, ಮತ್ತೆ ನನ್ನ ಮೇಲೆ ಬಂದು ಕೂತಿತು. ವ್ಯಾನು ನಿಧಾನವಾಗಿ ರಸ್ತೆ ಬದಿಯ ಹಿಮದಲ್ಲಿ ನಿಂತಿತು. ಅವನು ಹಿಂತಿರುಗಿ ನೋಡದೆ, ಹೆಗಲ ಮೇಲಿಂದ ರೇಡಿಯೋವನ್ನು ನನ್ನ ಕಡೆ ಚಾಚಿದ.

"ನೀನೇ ಹೇಳು ಅವನಿಗೆ."

ನಾನು ಗುಂಡಿ ಒತ್ತಿದೆ. "ಓಯ್ವ," ಎಂದೆ. "ನಾನು, ತನೇಲಿ."

ಹಿಂದಿನ ವ್ಯಾನಿನ ದೀಪಗಳು ನಮ್ಮ ಹಿಂದೆ ಬಂದು ನಿಂತವು. ರೇಡಿಯೋ ಗರಗರ ಎನ್ನುತ್ತಲೇ ಇತ್ತು. ಅವನು ನಂಬಿದನೋ ಇಲ್ಲವೋ, ಉತ್ತರ ಬರಲಿಲ್ಲ.